ಆಹಾರದಾನದ ಜೊತೆಗೆ ಔಷಧದಾನವೂ ಸಲ್ಲಲಿ

2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ದೆಹಲಿ ಪ್ರದೇಶದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿ ಇರಿಸುವಂತೆ ಆದೇಶಿಸಿತು. ಹನ್ನೊಂದು ದಿನಗಳ ಬಳಿಕ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ರೇಬೀಸ್ ತಗುಲಿದ, ಶಂಕಿತ ಹಾಗೂ ಆಕ್ರಮಣಶೀಲ ನಾಯಿಗಳ ಹೊರತು ಉಳಿದವನ್ನು ಸಂತಾನಶಕ್ತಿಹರಣ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದಲ್ಲಿಯೇ ಬಿಡಬೇಕೆಂದಿತು. ಅಂದಿನಿಂದ ನಮ್ಮ ವಸತಿ ಸಂಕೀರ್ಣಗಳ ಸಭೆಗಳಲ್ಲಿ ಎರಡು ಪಕ್ಷಗಳಾಗಿವೆ: ಅನ್ನ ಹಾಕುವವರದು ಒಂದು, ಮಕ್ಕಳ ಸುರಕ್ಷತೆಗಾಗಿ ಕಳವಳಪಡುವವರದು ಇನ್ನೊಂದು. ಜೈನ ಕುಟುಂಬಗಳನ್ನು ಸಾಮಾನ್ಯವಾಗಿ ಮೊದಲ ಪಕ್ಷದಲ್ಲಿ ಎಣಿಸುತ್ತಾರೆ. ಈ ವಾಗ್ವಾದದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿರುವುದು ರೋಗ.

ಪಶುವೈದ್ಯರ ದೃಷ್ಟಿಯಲ್ಲಿ ರೇಬೀಸ್ ಮೊದಲು ಪ್ರಾಣಿಯ ಸಂಕಟ. ಮನುಷ್ಯನ ಸಾವು ಅದರ ಮುಂದುವರಿಕೆ. ಸೋಂಕಿತ ಪ್ರಾಣಿಯ ಜೊಲ್ಲಿನಲ್ಲಿರುವ ವೈರಾಣು ಕಚ್ಚಿದ ಗಾಯದ ಮೂಲಕ ದೇಹವನ್ನು ಸೇರುತ್ತದೆ. ನರಗಳ ಗುಂಟ ನಿಧಾನವಾಗಿ ಬೆನ್ನುಹುರಿಗೂ ಮಿದುಳಿಗೂ ಏರುತ್ತದೆ. ಅಲ್ಲಿ ವೃದ್ಧಿಯಾಗಿ ನರಗಳ ಮೂಲಕವೇ ಲಾಲಾಗ್ರಂಥಿಗಳಿಗೆ ಇಳಿಯುತ್ತದೆ. ನಾಯಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ವಾರಗಳಿಂದ ಮೂರು ತಿಂಗಳು ಹಿಡಿಯುತ್ತದೆ. ಅಷ್ಟು ಕಾಲ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಲ್ಲ. ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ.

ಲಕ್ಷಣಗಳ ವಿಷಯದಲ್ಲಿ ನಮ್ಮ ಜನರಲ್ಲಿ ತಪ್ಪು ತಿಳಿವಳಿಕೆ ಬಹಳ. ಕಂಡದ್ದನ್ನೆಲ್ಲ ಕಚ್ಚುತ್ತ ಓಡುವ ಉಗ್ರರೂಪವನ್ನಷ್ಟೇ ನಾವು ರೇಬೀಸ್ ಎಂದು ಗುರುತಿಸುತ್ತೇವೆ. ಇನ್ನೊಂದು ಮೂಕರೂಪ. ನಾಯಿ ಕತ್ತಲೆಯ ಮೂಲೆ ಹಿಡಿಯುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ದನಿ ಬದಲಾಗುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಕರುಣೆಯಿಂದ ಬಾಯಿಗೆ ಕೈಹಾಕುವವರು ಅಪಾಯಕ್ಕೆ ಸಿಲುಕುತ್ತಾರೆ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ನೀರಿನ ಬಟ್ಟಲ ಬಳಿ ಹೋಯಿತೆಂದ ಮಾತ್ರಕ್ಕೆ ನಾಯಿ ನಿರೋಗಿಯೆಂದು ತಿಳಿಯಬಾರದು. ಗೋಶಾಲೆಗಳಿಗೂ ಇದು ಅನ್ವಯಿಸುತ್ತದೆ. ರೇಬೀಸ್ ತಗುಲಿದ ಹಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ವಿಕಾರವಾಗಿ ಅರಚುತ್ತದೆ. ಹಿಂಗಾಲುಗಳ ಬಲ ಕುಂದುತ್ತದೆ.

ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವ ಪದ್ಧತಿಗೂ ಕಾರಣವಿದೆ. ಕಚ್ಚುವಾಗ ಜೊಲ್ಲಿನಲ್ಲಿ ವೈರಾಣುವಿದ್ದಿದ್ದರೆ ಅಷ್ಟರೊಳಗೆ ನಾಯಿ ರೋಗಕ್ಕೆ ತುತ್ತಾಗಿರುತ್ತದೆ. ಆದರೆ ಹತ್ತು ದಿನ ಕಾದು ಲಸಿಕೆ ಪಡೆಯೋಣವೆಂಬುದು ಪ್ರಾಣಕ್ಕೆರವಾಗುವ ನಿರ್ಧಾರ. ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಹಾಗಾದರೆ ನಾಯಿಗಳನ್ನು ಕೊಂದರೆ ರೋಗ ಹೋಗುವುದೇ? ಹೋಗುವುದಿಲ್ಲ. ತೆರವಾದ ಬೀದಿಗೆ ಲಸಿಕೆ ಕಾಣದ ಹೊಸ ನಾಯಿಗಳು ಬರುತ್ತವೆ. ಲಸಿಕೆ ಪಡೆದವೂ ಸತ್ತವುಗಳೊಡನೆ ಕಳೆದುಹೋಗಿರುತ್ತವೆ. ಒಂದು ಪ್ರದೇಶದ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆಯಾದರೆ ಸೋಂಕಿನ ಸರಪಳಿ ಕಡಿಯುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದ ಮಾತು. ಗೋವಾ ರಾಜ್ಯದಲ್ಲಿ ಸರ್ಕಾರವೂ ಮಿಷನ್ ರೇಬೀಸ್ ಸಂಸ್ಥೆಯೂ ಕೂಡಿ ವರ್ಷವರ್ಷವೂ ಸಾಮೂಹಿಕ ಲಸಿಕೆ ನಡೆಸಿದ ಮೇಲೆ ನಾಯಿಗಳ ರೇಬೀಸ್ ತೀವ್ರವಾಗಿ ಇಳಿಯಿತು. ದಯೆಯ ಮಾರ್ಗವೂ ವಿಜ್ಞಾನದ ಮಾರ್ಗವೂ ಇಲ್ಲಿ ಒಂದೇ ಆಗಿವೆ.

ನಾವು ನೆಲೆಸಿರುವ ಮುಂಬಯಿಗೆ ಈ ವಿಷಯದಲ್ಲಿ ಇತಿಹಾಸವೇ ಇದೆ. 1832ರಲ್ಲಿ ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸಿದಾಗ ಪಾರ್ಸಿಗಳು ಬೀದಿಗಿಳಿದು ಪ್ರತಿಭಟಿಸಿದರು. ಎರಡು ವರ್ಷಗಳ ಬಳಿಕ ಜಮ್ಶೆಟ್ಜಿ ಜೀಜೀಭಾಯ್ ಅವರೊಡನೆ ಜೈನ ವರ್ತಕರು ಕೈಜೋಡಿಸಿ ಅಲ್ಲಿನ ಪಾಂಜರಾಪೋಳವನ್ನು ಸ್ಥಾಪಿಸಿದರು. ಅಂದಿಗೆ ಲಸಿಕೆಯಿರಲಿಲ್ಲ, ಪಾಶ್ಚರ್ ಮನುಷ್ಯನಿಗೆ ಮೊದಲು ರೇಬೀಸ್ ಲಸಿಕೆ ನೀಡಿದ್ದು 1885ರಲ್ಲಿ. ಆ ಹಿರಿಯರಿಗೆ ಸಾಧ್ಯವಿದ್ದದ್ದು ಆಶ್ರಯ ಮತ್ತು ಆಹಾರ. ನಮಗೆ ಅದಕ್ಕಿಂತ ಹೆಚ್ಚಿನದು ಸಾಧ್ಯ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಬಾಲ್ಯದಿಂದ ಕೇಳಿದವರು ನಾವು. ಬೀದಿನಾಯಿಗಳ ವಿಷಯದಲ್ಲಿ ಮೊದಲನೆಯದಕ್ಕೇ ನಿಂತುಬಿಟ್ಟಿದ್ದೇವೆ. ಅನ್ನವಿಟ್ಟೆಡೆ ನಾಯಿಗಳು ಒಟ್ಟುಗೂಡುತ್ತವೆ. ಅವುಗಳಲ್ಲಿ ಲಸಿಕೆಯಿಲ್ಲದ ಒಂದಕ್ಕೆ ಸೋಂಕಿದ್ದರೆ ನಮ್ಮ ಪುಣ್ಯಕಾರ್ಯದ ಸ್ಥಳವೇ ರೋಗ ಹರಡುವ ಸ್ಥಳವಾದೀತು. ಲಸಿಕೆ ಔಷಧದಾನವೂ ಹೌದು, ಆ ನಾಯಿಗೂ ದಾರಿಯಲ್ಲಿ ನಡೆಯುವ ಮಗುವಿಗೂ ಸಲ್ಲುವ ಅಭಯದಾನವೂ ಹೌದು.

ಲಸಿಕೆಯಲ್ಲಿ ಹಿಂಸೆಯಿಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಭಾರತದಲ್ಲಿ ದೀರ್ಘಕಾಲ ಮನುಷ್ಯರಿಗೆ ಕೊಡುತ್ತಿದ್ದ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. 2004ರ ಕೊನೆಯಲ್ಲಿ ಅದನ್ನು ನಿಲ್ಲಿಸಲಾಯಿತು. ಇಂದಿನವು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಾಗುತ್ತವೆ. ಅವೂ ಸಂಪೂರ್ಣ ನಿರ್ದೋಷವೆಂದು ನಾವು ಹೇಳಲಾರೆವು. ಆದರೆ ಉಪೇಕ್ಷೆಯಿಂದಾಗುವ ಹಿಂಸೆಯನ್ನು ಲೆಕ್ಕಕ್ಕೆ ಹಿಡಿಯದೆ ಲಸಿಕೆಯನ್ನು ಮಾತ್ರ ದೂಷಿಸುವುದು ವಿವೇಕವಲ್ಲ.

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವನಾಗಿ ಒಂದು ಮಾತು. ಈ ಖರ್ಚು ಅರೆಬರೆಯಾದರೆ ಫಲವೂ ಅರೆಬರೆಯಾಗಿ ದೊರೆಯುವುದಿಲ್ಲ. ನೂರರಲ್ಲಿ ಮೂವತ್ತು ನಾಯಿಗಳಿಗೆ ಲಸಿಕೆ ಹಾಕಿಸಿದರೆ ಆ ಮೂವತ್ತು ಉಳಿದಾವು, ಬಡಾವಣೆ ಉಳಿಯದು. ಮರಿಗಳು ಹುಟ್ಟುತ್ತಲೇ ಇರುವುದರಿಂದ ಪ್ರತಿವರ್ಷವೂ ಈ ಕಾರ್ಯ ನಡೆಯಬೇಕು. ಆದ್ದರಿಂದ ನಮ್ಮ ಸಂಘಗಳೂ ಬಸದಿಗಳ ಟ್ರಸ್ಟುಗಳೂ ಜೀವದಯೆಯ ನಿಧಿಯಲ್ಲಿ ಲಸಿಕೆಗೂ ಸಂತಾನಶಕ್ತಿಹರಣಕ್ಕೂ ಪ್ರತ್ಯೇಕ ಶೀರ್ಷಿಕೆ ತೆರೆದು, ಎಷ್ಟು ನಾಯಿಗಳಿವೆ, ಎಷ್ಟಕ್ಕೆ ಲಸಿಕೆಯಾಯಿತು ಎಂಬುದನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಲಿ. ಮತ ಕೇಳಲು ಬರುವ ನಗರಪಾಲಿಕೆ ಅಭ್ಯರ್ಥಿಗಳನ್ನೂ ಇದೇ ಎರಡು ಅಂಕಿಗಳನ್ನು ಕೇಳೋಣ. 2030ರೊಳಗೆ ನಾಯಿಗಳಿಂದ ಹರಡುವ ರೇಬೀಸನ್ನು ತೊಡೆಯುವುದಾಗಿ ಕೇಂದ್ರ ಸರ್ಕಾರ ಗುರಿ ಹಾಕಿಕೊಂಡಿದೆ. ಅದರ ಸಾಧನೆ ಕಾಣಬೇಕಾದದ್ದು ವಾರ್ಡುಗಳಲ್ಲಿ.

ಅನ್ನ ಹಾಕುವವರು 2023ರ ನಿಯಮಗಳಂತೆ ಮಕ್ಕಳ ಆಟದ ಜಾಗ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರದ ಸ್ಥಳವನ್ನು ಆರಿಸಿಕೊಳ್ಳಲಿ. ತಾವೂ ವೈದ್ಯರ ಸಲಹೆ ಪಡೆದು ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಳ್ಳಲಿ. ದಿನವೂ ತುತ್ತು ಕೊಡುವ ಕೈಯನ್ನು ನಾಯಿ ನಂಬುತ್ತದೆ. ಲಸಿಕೆ ಹಾಕಲು ಬಂದವರಿಗೆ ಅದನ್ನು ಶಾಂತವಾಗಿ ಹಿಡಿದುಕೊಡಬಲ್ಲವರು ಅವರೇ.