ಕಲ್ನಾರಿನ ಧೂಳೂ ಕೂಲಿಗಾರನ ಉಸಿರೂ



ಯಂತ್ರಕ್ಕೆ ಕೈ ಸಿಕ್ಕಿ ಮುರಿದರೆ ಅದು ಕೆಲಸದಿಂದಾದ ಕೇಡೆಂದು ಎಲ್ಲರೂ ಒಪ್ಪುತ್ತಾರೆ. ಇಪ್ಪತ್ತು ವರ್ಷ ಕಳೆದ ಮೇಲೆ ಉಸಿರು ಕಟ್ಟಿದರೆ ಮಾತ್ರ ಯಾರೂ ಒಪ್ಪುವುದಿಲ್ಲ. "ಬೀಡಿ ಸೇದುತ್ತಿದ್ದ", "ಕ್ಷಯವಿರಬೇಕು", "ವಯಸ್ಸಾಯಿತು" ಎಂದು ಕೈತೊಳೆದುಕೊಳ್ಳುತ್ತಾರೆ. ಕಲ್ನಾರು, ಅಂದರೆ ಅಸ್ಬೆಸ್ಟಾಸ್, ತರುವ ಅಸ್ಬೆಸ್ಟೋಸಿಸ್ ರೋಗದ ಅನ್ಯಾಯ ಇದೇ. ಆದುದರಿಂದ ಈ ರೋಗವನ್ನು ಡಾಕ್ಟರರಷ್ಟೇ ಅಲ್ಲ, ಕೂಲಿಗಾರರೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಕಲ್ನಾರನ್ನು ಒಡೆದಾಗ, ಕೊಯ್ದಾಗ, ನೂತಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೇಳುತ್ತವೆ. ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ನೆಲೆಸುತ್ತವೆ. ದೇಹ ಅವನ್ನು ಕರಗಿಸಲಾರದು. ಅವುಗಳ ಸುತ್ತ ಗಾಯದ ಕಲೆಯಂತೆ ಗಟ್ಟಿ ಅಂಗಾಂಶ ಬೆಳೆದು, ಹಿಗ್ಗಬೇಕಾದ ಶ್ವಾಸಕೋಶ ಬಿಗಿಯುತ್ತದೆ. ಮೊದಲು ಏರು ಹತ್ತುವಾಗ ಏದುಸಿರು, ಒಣಕೆಮ್ಮು. ಆಮೇಲೆ ಕುಳಿತಲ್ಲೂ ದಮ್ಮು. ಇದು ಅಂಟುರೋಗವಲ್ಲ; ಕ್ಷಯದ ಔಷಧಿಗೆ ಬಗ್ಗುವುದೂ ಇಲ್ಲ. ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲದು. ಗುಣಪಡಿಸುವ ಮದ್ದಿಲ್ಲ. ಇದೇ ಧೂಳು ಶ್ವಾಸಕೋಶದ ಕ್ಯಾನ್ಸರನ್ನೂ ತರುತ್ತದೆ. ಬೀಡಿಯೂ ಸೇರಿದರೆ ಅಪಾಯ ಹಲವು ಪಟ್ಟು.

ಇದು ಹೊಸ ಸಂಗತಿಯಲ್ಲ. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರಿನ ಗಿರಣಿಯಲ್ಲಿ ದುಡಿದಿದ್ದ ನೆಲ್ಲಿ ಕರ್ಷಾ ಎಂಬಾಕೆ 33ನೆಯ ವಯಸ್ಸಿನಲ್ಲಿ ತೀರಿಕೊಂಡರು. ಡಾಕ್ಟರ್ ಕುಕ್ ಎಂಬವರು ಆಕೆಯ ಶ್ವಾಸಕೋಶದಲ್ಲಿ ಕಲ್ನಾರಿನ ಕಣಗಳನ್ನು ಕಂಡು ಬರೆದಿಟ್ಟರು. 1931ರಲ್ಲಿ ಅಲ್ಲಿ ಧೂಳು ತಡೆಯುವ ನಿಯಮಗಳು ಬಂದವು. ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ತಿಳಿವಿಗೂ ನ್ಯಾಯಕ್ಕೂ ನಡುವೆ 75 ವರ್ಷ!

ನಮ್ಮ ದೇಶದಲ್ಲಿ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೂಲಿಗಾರನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕೂಲಿಗಾರನ ಆರೋಗ್ಯದ ದಾಖಲೆಯನ್ನು, ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞಾಪಿಸಿತು. ರೋಗ ತಡವಾಗಿ ಬರುವುದರಿಂದಲೇ ಈ ಆಜ್ಞೆ ಬೇಕಾಯಿತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕಂತ್ರಾಟಿನ ಆಳಿಗೆ ಯಾವ ದಾಖಲೆ? ಇಂದು ಒಂದು ರಾಜ್ಯ, ನಾಳೆ ಇನ್ನೊಂದು ಎಂದು ಗಡಿ ದಾಟಿ ದುಡಿಯುವ ನಮ್ಮವರ ಎಕ್ಸ್‌ರೇಯನ್ನು ಕಾದಿಡುವವರು ಯಾರು?

ಬಿಳಿ ಕಲ್ನಾರನ್ನು ಜಾಗ್ರತೆಯಿಂದ ಬಳಸಿದರೆ ಅಪಾಯವಿಲ್ಲವೆಂದು ಉದ್ಯಮದವರು ವಾದಿಸುತ್ತಾರೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರು ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬಿಸಿಲಲ್ಲಿ ಮಾಡಿನ ಮೇಲೆ ಕುಳಿತು ಸಿಮೆಂಟು ಶೀಟು ಕೊಯ್ಯುವವನಿಗೆ ಯಾವ ಜಾಗ್ರತೆ ದೊರೆತಿದೆ? ನಿಷೇಧಿಸಿದರೆ ಕೆಲಸ ಹೋಗುವುದೆಂಬ ಭಯ ಸಹಜ. ಆದರೆ ಕಲ್ನಾರಿಲ್ಲದ ಶೀಟುಗಳೂ ತಯಾರಾಗುತ್ತಿವೆ. ಅವನ್ನು ಮಾಡಲೂ ಕೈಗಳೇ ಬೇಕು.

ಆದ್ದರಿಂದ ಸರಕಾರ ಆಮದನ್ನು ನಿಲ್ಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ಶೀಟನ್ನು ಒಣಗಿದಂತೆಯೇ ಕೊಯ್ಯಬೇಡಿರಿ, ನೀರು ಹಾಕಿರಿ. ಧೂಳಿನ ಬಟ್ಟೆಯನ್ನು ಮನೆಗೆ ಒಯ್ಯಬೇಡಿರಿ. ಅದನ್ನು ಒಗೆದ ಹೆಂಡಂದಿರೂ ರೋಗಕ್ಕೆ ತುತ್ತಾಗಿದ್ದಾರೆ. ಹಾಜರಿ ಚೀಟಿ, ಎಕ್ಸ್‌ರೇಗಳನ್ನು ಜೋಪಾನವಾಗಿಡಿರಿ. ಡಾಕ್ಟರರಿಗೆ ಹಿಂದೆ ಮಾಡಿದ ಕಸುಬನ್ನೂ ಹೇಳಿರಿ.

ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುವುದೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ದೇವರೇ ಊದಿದ ಉಸಿರನ್ನು ಕಸಿದವರ ಲೆಕ್ಕ ಅದಕ್ಕಿಂತ ಹಗುರವಾದೀತೇ?