ಐಸ್ ಇಟ್ಟ ಮೇಲೆ ಅರ್ಧ ಗಂಟೆ

ಮಕ್ಕಳೇ, ಈ ವಾರ ಮುಂದೆ ಓದುವ ಮೊದಲು ಒಂದು ಚಿಕ್ಕ ಆಟ. ಕಣ್ಣು ಮುಚ್ಚಿಕೊಳ್ಳಿ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ. ಈಗ ಬಲಗೈಯ ತೋರುಬೆರಳಿನಿಂದ ನಿಮ್ಮ ಮೂಗಿನ ತುದಿ ಮುಟ್ಟಿ. ಅಜ್ಜ ಅಜ್ಜಿಯರು ಕುರ್ಚಿಯಲ್ಲಿ ಕುಳಿತೇ ಮಾಡಬಹುದು.

ಮುಟ್ಟಿದಿರಲ್ಲ? ಕಣ್ಣು ಮುಚ್ಚಿತ್ತು. ಹಾಗಾದರೆ ಬೆರಳು ಎಲ್ಲಿದೆ, ಮೊಣಕೈ ಎಷ್ಟು ಮಡಿಚಿದೆ ಎಂದು ನಿಮಗೆ ಹೇಳಿದವರು ಯಾರು? ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಐದು ಇಂದ್ರಿಯಗಳನ್ನು ಶಾಲೆಯಲ್ಲಿ ಕಲಿಯುತ್ತೇವೆ. ಈ ಕೆಲಸ ಮಾಡಿದ್ದು ಆ ಐದರ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಅರಿವು. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದಕ್ಕೆ ‘ಪ್ರೊಪ್ರಿಯೊಸೆಪ್ಷನ್’ ಎಂದು ಹೆಸರಿಟ್ಟರು. ಅವರಿಗೆ 1932ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಹೆಸರು ಬಾಯಿಗೆ ಸಿಗುವುದು ಕಷ್ಟ, ನಾವು ‘ಅಂಗಸ್ಥಿತಿಯ ಅರಿವು’ ಎನ್ನೋಣ.

ನಮ್ಮ ಮಾಂಸಖಂಡಗಳ ಒಳಗೆ ನೂಲುವ ಕದಿರಿನ ಆಕಾರದ ಸಣ್ಣ ಸಣ್ಣ ಅಂಗಗಳಿವೆ. ಅದಕ್ಕೇ ಅವಕ್ಕೆ ಮಸಲ್ ಸ್ಪಿಂಡಲ್ ಎಂದು ಹೆಸರು. ಮಾಂಸಖಂಡ ಎಷ್ಟು ಹಿಗ್ಗಿತು, ಎಷ್ಟು ವೇಗದಲ್ಲಿ ಹಿಗ್ಗಿತು ಎಂಬ ಸುದ್ದಿಯನ್ನು ಇವು ನರಗಳ ಮೂಲಕ ಬೆನ್ನುಹುರಿಗೂ ಮಿದುಳಿಗೂ ಕಳಿಸುತ್ತಲೇ ಇರುತ್ತವೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ರಜ್ಜುಗಳಲ್ಲಿ, ಕೀಲಿನ ಸುತ್ತಲಿನ ಪೊರೆಯಲ್ಲಿ, ಚರ್ಮದಲ್ಲಿ ಕೂಡ ಇಂಥ ಸುದ್ದಿಗಾರರಿದ್ದಾರೆ. ನಾನು ಬ್ಯಾಂಕಿನಲ್ಲಿದ್ದವನು, ನನಗೆ ಹೊಳೆಯುವ ಹೋಲಿಕೆ ಇಷ್ಟೇ: ಪ್ರತಿ ಕೀಲೂ ಒಂದು ಶಾಖೆ, ಮಿದುಳು ಹೆಡ್ ಆಫೀಸು. ಶಾಖೆಗಳಿಂದ ಲೆಕ್ಕ ಸರಿಯಾಗಿ ಬಂದರೆ ಮಾತ್ರ ಅಲ್ಲಿಂದ ಸರಿಯಾದ ಆದೇಶ ಹೊರಡುತ್ತದೆ.

ಲೆಕ್ಕ ಬರುವುದು ನಿಂತೇಹೋದರೆ ಏನಾಗುತ್ತದೆ? ಇಂಗ್ಲೆಂಡಿನ ಇಯನ್ ವಾಟರ್‌ಮನ್ ಎಂಬವರಿಗೆ 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಜ್ವರದ ನಂತರ ಕುತ್ತಿಗೆಯಿಂದ ಕೆಳಗೆ ಈ ಅರಿವು ಪೂರ್ತಿ ಹೊರಟುಹೋಯಿತು. ಕೈಕಾಲಿಗೆ ಶಕ್ತಿ ಇತ್ತು, ಪಾರ್ಶ್ವವಾಯು ಆಗಿರಲಿಲ್ಲ. ಆದರೂ ಅವರಿಗೆ ಎದ್ದು ನಿಲ್ಲಲಾಗಲಿಲ್ಲ, ಏಕೆಂದರೆ ಕೈಕಾಲು ಎಲ್ಲಿವೆ ಎಂದೇ ಗೊತ್ತಾಗುತ್ತಿರಲಿಲ್ಲ. ಪ್ರತಿಯೊಂದು ಚಲನೆಯನ್ನೂ ಕಣ್ಣಿನಿಂದ ನೋಡಿ ನೋಡಿ, ಮನಸ್ಸಿನಲ್ಲಿ ಲೆಕ್ಕ ಹಾಕಿ, ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ಸಾಕು, ಕುಸಿದು ಬೀಳುತ್ತಿದ್ದರು. ಜೊನಾಥನ್ ಕೋಲ್ ಎಂಬ ವೈದ್ಯರು ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ನಮಗೆಲ್ಲ ಅಷ್ಟು ದೊಡ್ಡ ಕಷ್ಟ ಬರುವುದಿಲ್ಲ. ಆದರೆ ಅದರ ಸಣ್ಣ ತುಣುಕು ಚಳಿಯಲ್ಲಿ ಕಾಣುತ್ತದೆ. ಡಿಸೆಂಬರ್ ಬೆಳಗ್ಗೆ ಮಡಿಕೇರಿಯಂಥ ಊರಿನ ಶಾಖೆಯಲ್ಲಿ ಕ್ಯಾಷಿಯರ್ ಕೌಂಟರ್ ತೆರೆಯುವ ಮೊದಲು ಅಂಗೈ ಉಜ್ಜಿ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಗಿರಾಕಿಯ ಜೊತೆ ಮಾತನಾಡುತ್ತಲೇ ನೂರು ನೋಟಿನ ಕಟ್ಟು ಎಣಿಸುವ ಬೆರಳು, ಚಳಿಯಲ್ಲಿ ಒಂದೊಂದು ನೋಟನ್ನೂ ತಡವರಿಸಿ ಹಿಡಿಯುತ್ತಿತ್ತು. ಒಂದು ಕಟ್ಟನ್ನು ಎರಡು ಸಲ ಎಣಿಸಿಯೇ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ತಣ್ಣೀರು ಸ್ನಾನ ಮಾಡಿ ಅಂಗಿಯ ಗುಂಡಿ ಹಾಕಲು ಒದ್ದಾಡಿದವರಿಗೂ ಇದು ಗೊತ್ತು.

ಈಗ ಐಸ್ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಮೊಮ್ಮಗನ ಶಾಲೆಯ ಖೋ ಖೋ ಪಂದ್ಯ ನೋಡಲು ಹೋಗಿದ್ದೆ. ಕಂಬ ಸುತ್ತಿ ತಿರುಗುವಾಗ ಅವನ ಎಡಗಾಲು ಹೊರಳಿ ಉಳುಕಿತು. ಪಿ.ಟಿ. ಮಾಸ್ತರರು ಕೂಡಲೇ ಕರೆದು ಕೂರಿಸಿ, ಟವೆಲ್ಲಿನಲ್ಲಿ ಐಸ್ ಸುತ್ತಿ ಕಾಲಿಗೆ ಕಟ್ಟಿದರು. ಹದಿನೈದು ನಿಮಿಷ ಕಳೆದು ಹುಡುಗ ಎದ್ದು ನಿಂತ. “ತಾತ, ಈಗ ಏನೂ ನೋಯ್ತಿಲ್ಲ. ಎರಡನೇ ಪಾಳಿಗೆ ಇಳೀಲಾ?”

“ಬೇಡ ಮಗು, ಕೂತ್ಕೊ” ಎಂದೆ. ಮಾಸ್ತರರೂ ಅದನ್ನೇ ಹೇಳಿದರು. ಅವನ ತಂಡ ಎರಡು ಅಂಕದಿಂದ ಸೋತಿತು. ಮನೆ ಮುಟ್ಟುವವರೆಗೂ ನನ್ನ ಜೊತೆ ಮಾತಿಲ್ಲ. ಅವನಿಗೆ ಅಂದು ರಾತ್ರಿ ಹೇಳಿದ ಕಾರಣವನ್ನೇ ನಿಮಗೂ ಹೇಳುತ್ತೇನೆ. ಮಂಡಿಗೆ ಐಸ್ ಇಟ್ಟುಕೊಳ್ಳುವ ಹಿರಿಯರಿಗೂ ಇದು ಅಷ್ಟೇ ಮುಖ್ಯ.

ಐಸ್ ನೋವನ್ನು ಹೇಗೆ ಕಡಿಮೆ ಮಾಡುತ್ತದೆ? ನೋವಿನ ಸುದ್ದಿ ಒಯ್ಯುವ ನರಗಳು ತಣ್ಣಗಾದಾಗ ನಿಧಾನವಾಗುತ್ತವೆ, ಕೊನೆಗೆ ಮಾತು ನಿಲ್ಲಿಸುತ್ತವೆ. ಮೊದಲು ತಂಪು, ಆಮೇಲೆ ಉರಿ, ಆಮೇಲೆ ಒಂದು ಬಗೆಯ ಸೆಳೆತ, ಕೊನೆಗೆ ಮರಗಟ್ಟುವುದು. ಐಸ್ ಇಟ್ಟವರಿಗೆಲ್ಲ ಈ ಕ್ರಮ ಪರಿಚಿತ. ಆದರೆ ಐಸಿಗೆ ನೋವಿನ ನರ ಯಾವುದು, ಉಳಿದ ನರ ಯಾವುದು ಎಂಬ ಭೇದ ಗೊತ್ತಿಲ್ಲ. ಅದು ಕಳ್ಳನ ಜೊತೆ ಕಾವಲುಗಾರನನ್ನೂ ಮಲಗಿಸಿಬಿಡುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಕಾಲಿನ ದಪ್ಪ ನರಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ. ನರ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಈ ವೇಗ ಒಂದೂವರೆಯಿಂದ ಎರಡು ಮೀಟರ್ ಇಳಿಯುತ್ತದೆ. ಹತ್ತು ಡಿಗ್ರಿ ತಣ್ಣಗಾಯಿತು ಎನ್ನಿ, 50 ಇದ್ದದ್ದು 30ರ ಹತ್ತಿರ ಬರಬಹುದು. ಆದರೆ ಇಡೀ ಕಾಲು ತಣ್ಣಗಾಗುವುದಿಲ್ಲ, ಐಸ್ ಇಟ್ಟ ಒಂದು ಗೇಣು ಜಾಗ ಮಾತ್ರ. ಅದನ್ನು 20 ಸೆಂಟಿಮೀಟರ್ ಎಂದುಕೊಳ್ಳಿ. ಅಷ್ಟು ದೂರ ದಾಟಲು ಮೊದಲು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ ಸಾಕಿತ್ತು, ಈಗ ಸುಮಾರು ಏಳು ಭಾಗ ಬೇಕು. ತಡ ಆಗಿದ್ದು ಸಾವಿರದಲ್ಲಿ ಮೂರು ಭಾಗ. ಇದೊಂದರಿಂದಲೇ ಯಾರೂ ಬೀಳುವುದಿಲ್ಲ.

ಹೆಚ್ಚಿನ ತೊಂದರೆ ಬೇರೆ ಕಡೆ ಇದೆ. ಮಾಂಸಖಂಡ ತಣ್ಣಗಾದಾಗ ಕದಿರುಗಳು ಮೊದಲಿನಷ್ಟು ಚುರುಕಾಗಿ ಸುದ್ದಿ ಕಳಿಸುವುದಿಲ್ಲ. ತಣ್ಣಗಾದ ಮಾಂಸಖಂಡ ಬಿಗಿಯಾಗುತ್ತದೆ, ಸಂಕುಚಿಸುವುದೂ ನಿಧಾನ, ಸಡಿಲಾಗುವುದೂ ನಿಧಾನ. ಪಾದಕ್ಕೇ ಐಸ್ ತಗುಲಿದರೆ ಅಂಗಾಲಿನ ಸ್ಪರ್ಶವೂ ಮಂದವಾಗಿ, ನೆಲ ಏರಿಳಿತವಿದೆಯೇ ಎಂದು ತಿಳಿಯುವುದಿಲ್ಲ. ಐಸ್ ಇಟ್ಟ ಕೂಡಲೇ ಮೈದಾನಕ್ಕೆ ಇಳಿದರೆ ಆಟಗಾರರ ಸ್ನಾಯುಬಲ, ಓಟದ ವೇಗ, ಮೇಲಕ್ಕೆ ಜಿಗಿಯುವ ಎತ್ತರ ಕಡಿಮೆಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಅಂಗಸ್ಥಿತಿಯ ಅರಿವನ್ನು ಅಳೆಯುವ ವಿಧಾನವೂ ಚೆನ್ನಾಗಿದೆ. ಕಣ್ಣಿಗೆ ಬಟ್ಟೆ ಕಟ್ಟಿ ನಿಮ್ಮ ಮಂಡಿಯನ್ನು ಒಂದು ಕೋನಕ್ಕೆ ಮಡಿಸುತ್ತಾರೆ, ಮತ್ತೆ ನೇರ ಮಾಡುತ್ತಾರೆ. ಈಗ ಅದೇ ಕೋನಕ್ಕೆ ನೀವಾಗಿಯೇ ಮಡಿಸಬೇಕು. ಎಷ್ಟು ಡಿಗ್ರಿ ತಪ್ಪಿತು ಎಂದು ಅಳೆಯುತ್ತಾರೆ. ಐಸ್ ಇಟ್ಟ ನಂತರ ಈ ತಪ್ಪು ಹೆಚ್ಚಾಯಿತು ಎಂದು ಕೆಲವು ಪ್ರಯೋಗಗಳು ಹೇಳಿದರೆ, ವ್ಯತ್ಯಾಸವೇ ಕಾಣಲಿಲ್ಲ ಎಂದು ಇನ್ನು ಕೆಲವು ಹೇಳಿವೆ. ಎಷ್ಟು ಹೊತ್ತು ಐಸ್ ಇಟ್ಟರು, ಯಾವ ಕೀಲಿಗೆ ಇಟ್ಟರು ಎಂಬುದು ಪ್ರಯೋಗದಿಂದ ಪ್ರಯೋಗಕ್ಕೆ ಬೇರೆ ಬೇರೆ. ಆದ್ದರಿಂದ ಐಸ್ ಇಟ್ಟವರೆಲ್ಲ ಬಿದ್ದೇ ಬೀಳುತ್ತಾರೆ ಎಂದು ಹೆದರಿಸಲು ನಾನು ಹೊರಟಿಲ್ಲ. ಕೆಲವರಿಗೆ ಅರಿವು ಮಂದವಾಗುತ್ತದೆ, ಅದು ನಮಗೂ ಆಗಬಹುದು. ಉಳುಕಿದ ಕಾಲಿನಲ್ಲಿ ಅರಿವು ಮೊದಲೇ ಸ್ವಲ್ಪ ಕೆಟ್ಟಿರುತ್ತದೆ, ಅದರ ಮೇಲೆ ‘ಜೋಪಾನ’ ಎನ್ನುವ ನೋವೂ ಇಲ್ಲದಿದ್ದರೆ ಅದೇ ಕಾಲು ಮತ್ತೆ ಹೊರಳಲು ಎಷ್ಟು ಹೊತ್ತು?

ಇನ್ನೊಂದು ಸಂಗತಿ. ಐಸ್ ತೆಗೆದ ಮೇಲೆ ಚರ್ಮ ಬೇಗ ಬೆಚ್ಚಗಾಗುತ್ತದೆ. ಆದರೆ ಒಳಗಿನ ಮಾಂಸಖಂಡ ಐಸ್ ತೆಗೆದ ನಂತರವೂ ಕೆಲವು ನಿಮಿಷ ಇನ್ನಷ್ಟು ತಣ್ಣಗಾಗುತ್ತಾ ಹೋಗುತ್ತದೆ, ಆಮೇಲೆ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಕೈಯಿಂದ ಮುಟ್ಟಿ “ಬೆಚ್ಚಗಿದೆ” ಎಂದುಕೊಂಡು ಎದ್ದರೆ ಒಳಗಿನ ಲೆಕ್ಕ ಬೇರೆ ಇರುತ್ತದೆ.

‘ಹಾಗಾದರೆ ಐಸ್ ಇಡುವುದೇ ಬೇಡವೇ?’ ಎಂದು ಯಾರಾದರೂ ಅಜ್ಜಿ ಕೇಳಬಹುದು. ಬೇಕು, ಅದಕ್ಕೂ ಒಂದು ಒಳ್ಳೆಯ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ನನ್ನ ಹೆಂಡತಿಗೆ ಮಂಡಿ ಊದಿಕೊಂಡಾಗ ಫಿಸಿಯೊಥೆರಪಿ ಮಾಡಿಸುವ ಹುಡುಗಿ ಮೊದಲು ಮಂಡಿಗೆ ಐಸ್ ಇಡಿಸಿ, ಆಮೇಲೆ ಮಂಚದ ಮೇಲೆ ಮಲಗಿಸಿಯೇ ತೊಡೆ ಬಿಗಿ ಮಾಡಿ ಬಿಡುವ ವ್ಯಾಯಾಮ ಹೇಳಿಕೊಟ್ಟರು. ಐಸಿನಿಂದ ಬಲ ಕುಗ್ಗುವುದಾದರೆ ಆಮೇಲೆ ವ್ಯಾಯಾಮ ಏಕೆ ಎಂದು ಕೇಳಿದೆ. ಅವರು ಹೇಳಿದ್ದು ಇದು: ಮಂಡಿಯೊಳಗೆ ನೀರು ತುಂಬಿ ಊದಿದಾಗ ಅಲ್ಲಿಂದ ಹೊರಡುವ ಸುದ್ದಿಗಳು ಬೆನ್ನುಹುರಿಯ ಮಟ್ಟದಲ್ಲೇ ತೊಡೆಯ ಮುಂಭಾಗದ ಸ್ನಾಯುವಿಗೆ ತಡೆ ಹಾಕುತ್ತವೆ. ಸ್ನಾಯು ಗಟ್ಟಿಮುಟ್ಟಾಗಿದ್ದರೂ ಏಳುವುದಿಲ್ಲ. ಕೀಲನ್ನು ತಂಪು ಮಾಡಿದರೆ ಆ ತಡೆ ಕೆಲವು ಹೊತ್ತು ಸಡಿಲುತ್ತದೆ, ಆಗ ಸ್ನಾಯುವಿಗೆ ಕೆಲಸ ಕೊಡಬಹುದು. ಗಮನಿಸಿ, ಐಸ್ ಇದ್ದದ್ದು ಮಂಡಿಗೆ, ಕೆಲಸ ತೊಡೆಗೆ. ಅದೂ ಮಲಗಿಕೊಂಡು.

ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ಪೆಟ್ಟಾದಾಗ ನೆನಪಿಡಲು ‘ರೈಸ್’ ಎಂಬ ಸೂತ್ರ ಕೊಟ್ಟರು. ಊಟದ ರೈಸ್ ಅಲ್ಲ! ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು: ವಿಶ್ರಾಂತಿ, ಐಸ್, ಬಟ್ಟೆಯ ಪಟ್ಟಿ ಸುತ್ತುವುದು, ಕಾಲನ್ನು ಎತ್ತರದಲ್ಲಿಡುವುದು. ಐಸ್ ಹೆಚ್ಚಾದರೆ ಗಾಯ ಮಾಗುವುದು ತಡವಾಗಬಹುದು ಎಂದು ಮೂರೂವರೆ ದಶಕದ ನಂತರ ಅವರೇ ಬರೆದರು. ಆ ಸೂತ್ರದಲ್ಲಿ ಐಸ್ ಎರಡನೆಯ ಅಕ್ಷರ. ಮೊದಲನೆಯದು ವಿಶ್ರಾಂತಿ. ಐಸ್ ಕಟ್ಟಿ ಮತ್ತೆ ಓಡುವವರು ಮೊದಲ ಅಕ್ಷರವನ್ನೇ ಬಿಟ್ಟು ಓದಿದ ಹಾಗೆ.

ಇನ್ನು ಮನೆಯಲ್ಲಿ ಪಾಲಿಸಬೇಕಾದ ಕೆಲವು ಮಾತು.

ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ, ಒದ್ದೆ ಟವೆಲ್ಲಿನಲ್ಲಿ ಸುತ್ತಿ ಇಡಿ. ಹತ್ತರಿಂದ ಹದಿನೈದು ನಿಮಿಷ ಸಾಕು, ಇಟ್ಟುಕೊಂಡು ನಿದ್ದೆ ಮಾಡಬೇಡಿ. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಒಂದು ನರ ಚರ್ಮಕ್ಕೆ ಬಹಳ ಹತ್ತಿರ ಹಾದುಹೋಗುತ್ತದೆ. ಅಲ್ಲಿ ಬಹಳ ಹೊತ್ತು ಐಸ್ ಒತ್ತಿದರೆ ಪಾದ ಎತ್ತಲಾಗದಂತೆ ಆಗುವುದುಂಟು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಡಾಕ್ಟರನ್ನು ಕೇಳದೆ ಐಸ್ ಇಡಲೇಬಾರದು.

ಐಸ್ ತೆಗೆದ ಮೇಲೆ ಅರ್ಧ ಗಂಟೆ ಕುಳಿತಿರಿ. ಹಿರಿಯರು ಬಚ್ಚಲಿಗೆ ಹೋಗುವುದಿದ್ದರೆ ಐಸ್ ಇಡುವ ಮೊದಲೇ ಹೋಗಿ ಬನ್ನಿ. ಮೆಟ್ಟಿಲು, ಒದ್ದೆ ನೆಲ, ಕತ್ತಲೆ ಇವು ಮೂರೂ ಆ ಅರ್ಧ ಗಂಟೆಯಲ್ಲಿ ಬೇಡ. ಅನಿವಾರ್ಯವಾಗಿ ಏಳಬೇಕಾದರೆ ದೀಪ ಹಾಕಿ, ಗೋಡೆ ಹಿಡಿದು ಏಳಿ. ಕಾಲು ಸುದ್ದಿ ಕೊಡದಿದ್ದಾಗ ಕಣ್ಣಾದರೂ ಕೊಡಲಿ.

ಮಕ್ಕಳೇ, ಉಳುಕಿದ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಐಸ್ ಇಟ್ಟು ಸುಮ್ಮನಿರಬೇಡಿ, ಎಕ್ಸ್‌ರೇ ಬೇಕಾಗಬಹುದು, ದೊಡ್ಡವರಿಗೆ ಹೇಳಿ. ಟಿವಿಯಲ್ಲಿ ಆಟಗಾರನ ಕಾಲಿಗೆ ತಣ್ಣನೆಯ ಸ್ಪ್ರೇ ಹೊಡೆದಾಗ ಅವನು ಎದ್ದು ಓಡುವುದನ್ನು ನೀವು ನೋಡಿರುತ್ತೀರಿ. ಆ ಸ್ಪ್ರೇ ಚರ್ಮವನ್ನು ಮರಗಟ್ಟಿಸುತ್ತದೆ ಅಷ್ಟೇ, ಒಳಗಿನ ಪೆಟ್ಟು ಇದ್ದಲ್ಲೇ ಇರುತ್ತದೆ. ಅವನ ಪಕ್ಕದಲ್ಲಿ ಕಾಲನ್ನು ಪರೀಕ್ಷಿಸಿ ನೋಡುವ ಫಿಸಿಯೊ ಇರುತ್ತಾರೆ ಎಂಬುದನ್ನೂ ಮರೆಯಬೇಡಿ.

ಕಳೆದುಹೋದ ಅರಿವನ್ನು ಮತ್ತೆ ಗಳಿಸಲು ದಾರಿ ಇದೆ, ಅದು ಅಭ್ಯಾಸ. ಉಳುಕು ವಾಸಿಯಾಗಿ, ಡಾಕ್ಟರು ಸರಿ ಎಂದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ಕಲಿಸುತ್ತಾರೆ. ನಮ್ಮ ಕುಂಟೆಬಿಲ್ಲೆ ಆಟ ಇನ್ನೇನು? ಒಂದು ಕಾಲಿನಲ್ಲಿ ಕುಪ್ಪಳಿಸಿ, ಗೆರೆ ತುಳಿಯದೆ, ಬಗ್ಗಿ ಬಿಲ್ಲೆ ಎತ್ತುವಾಗ ಪಾದದ ಕೀಲು ಕ್ಷಣಕ್ಷಣಕ್ಕೂ ಸುದ್ದಿ ಕಳಿಸುತ್ತದೆ, ಸ್ನಾಯು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ. ಹಿರಿಯರು ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು, ಪಕ್ಕದಲ್ಲಿ ಯಾರಾದರೂ ಇರುವಾಗ, ಒಂದು ಕಾಲನ್ನು ಸ್ವಲ್ಪ ಎತ್ತಿ ಹತ್ತು ಎಣಿಸಿದರೆ ಸಾಕು. ಹಾಲು ಕಾಯುವ ಹೊತ್ತಿನಲ್ಲಿ ಎರಡೂ ಕಾಲಿನ ಸರದಿ ಮುಗಿಯುತ್ತದೆ. ಎಣಿಸುವ ಕೆಲಸವನ್ನು ಮೊಮ್ಮಕ್ಕಳಿಗೆ ಕೊಡಿ.