ವಿಮಾನ ಇಂಧನ ಟ್ಯಾಂಕ್: ಬೆಂಗಳೂರಿನ ಸ್ಫೋಟ ಮತ್ತು ಸರಕು ವಿಮಾನಗಳ ವಿನಾಯಿತಿ

2006ರ ಮೇ 4ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ನೆಲದ ಮೇಲಿದ್ದ ಬೋಯಿಂಗ್ 727 ಸರಕು ವಿಮಾನವೊಂದರ ರೆಕ್ಕೆಯ ಇಂಧನ ಟ್ಯಾಂಕ್ ಸ್ಫೋಟಗೊಂಡಿತು. ರೆಕ್ಕೆಗೆ ಭಾರಿ ಹಾನಿಯಾಯಿತಾದರೂ ಯಾರಿಗೂ ಗಾಯವಾಗಲಿಲ್ಲ. ಪ್ರಾಣಹಾನಿಯಿಲ್ಲದ ಇಂತಹ ಸುದ್ದಿಗಳಿಗೆ ಆಯುಷ್ಯ ಕಡಿಮೆ. ಆದರೆ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ (ಎಫ್‌ಎಎ) ಇದನ್ನು ಮರೆಯಲಿಲ್ಲ. ಇಂಧನ ಪಂಪ್‌ಗೆ ಹೋಗುವ ವಿದ್ಯುತ್ ತಂತಿಗಳು ಕೊಳವೆಯೊಳಗೆ ಸವೆದು ಕಿಡಿ ಹಾರಬಹುದೆಂಬ ಆತಂಕದಿಂದ, ಅವುಗಳ ತಪಾಸಣೆಗೆ 2007ರಲ್ಲಿ ಅದು ಆದೇಶ ಹೊರಡಿಸಿತು.

ತಂತಿಯ ಕಿಡಿಯನ್ನು ತಡೆಯುವುದು ಒಂದು ಮಾರ್ಗ. ಕಿಡಿ ಹಾರಿದರೂ ಟ್ಯಾಂಕ್ ಹೊತ್ತಿಕೊಳ್ಳದಂತೆ ಮಾಡುವುದು ಇನ್ನೊಂದು. ದಶಕಗಳ ಕಾಲ ನಾಗರಿಕ ವಿಮಾನಯಾನ ನಂಬಿದ್ದು ಮೊದಲನೆಯದನ್ನು ಮಾತ್ರ.

ಆ ನಂಬಿಕೆ ಕುಸಿದದ್ದು 1996ರ ಜುಲೈ 17ರಂದು. ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಹೊರಟ ಟಿಡಬ್ಲ್ಯುಎ 800 ವಿಮಾನ, ಹಾರಿದ ಸುಮಾರು 12 ನಿಮಿಷಗಳಲ್ಲೇ ಆಕಾಶದಲ್ಲಿ ಒಡೆದು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರಲ್ಲಿದ್ದ 230 ಮಂದಿಯೂ ಸತ್ತರು. ಸ್ಫೋಟಿಸಿದ್ದು ವಿಮಾನದ ಹೊಟ್ಟೆಯಲ್ಲಿದ್ದ, ಬಹುತೇಕ ಖಾಲಿಯಾಗಿದ್ದ ಮಧ್ಯದ ಟ್ಯಾಂಕ್. ಖಾಲಿ ಟ್ಯಾಂಕ್ ಸುರಕ್ಷಿತ ಎಂಬುದು ಸಾಮಾನ್ಯರ ಎಣಿಕೆ, ವಾಸ್ತವ ತದ್ವಿರುದ್ಧ. ತಳದಲ್ಲಿ ಉಳಿದ ಅಲ್ಪ ಇಂಧನ ಆವಿಯಾಗಿ ಗಾಳಿಯೊಡನೆ ಬೆರೆಯುತ್ತದೆ. ಆ ಟ್ಯಾಂಕಿನ ಕೆಳಗಡೆಯೇ ಹವಾನಿಯಂತ್ರಣ ಯಂತ್ರಗಳಿದ್ದವು. ನಿಲ್ದಾಣದಲ್ಲಿ ಎರಡೂವರೆ ಗಂಟೆಯಷ್ಟು ಹೊತ್ತು ಅವು ಅದನ್ನು ಕಾಯಿಸಿದ್ದವು. ಕಿಡಿ ಎಲ್ಲಿಂದ ಬಂತು ಎಂಬುದನ್ನು ನಾಲ್ಕು ವರ್ಷಗಳ ತನಿಖೆಯೂ ಖಚಿತವಾಗಿ ಹೇಳಲಾರದೆ ಹೋಯಿತು. ಟ್ಯಾಂಕಿನ ಹೊರಗಿನ ಶಾರ್ಟ್ ಸರ್ಕ್ಯೂಟ್, ಇಂಧನ ಮಾಪಕದ ತಂತಿಯ ಮೂಲಕ ಒಳಹೊಕ್ಕಿರುವ ಸಾಧ್ಯತೆಯೇ ಹೆಚ್ಚು ಎಂದಷ್ಟೇ ವರದಿ ಹೇಳಿತು. ಮನಿಲಾದಲ್ಲಿ 1990ರಲ್ಲಿ, ಬ್ಯಾಂಕಾಕ್‌ನಲ್ಲಿ 2001ರಲ್ಲಿ ನೆಲದ ಮೇಲಿದ್ದ ಬೋಯಿಂಗ್ 737ಗಳೂ ಹೀಗೆಯೇ ಸ್ಫೋಟಿಸಿವೆ.

ಪರಿಹಾರ ಹೊಸದಾಗಿರಲಿಲ್ಲ. ಯುದ್ಧವಿಮಾನಗಳ ಟ್ಯಾಂಕಿಗೆ ಸಾರಜನಕ ತುಂಬುವ ಪದ್ಧತಿ ಹಳೆಯದು. ಆಮ್ಲಜನಕವನ್ನು ಶೇ 9ಕ್ಕೆ ಇಳಿಸಬೇಕೆಂಬ ಸೇನಾ ಮಾನದಂಡವನ್ನು ಹಿಡಿದು ಲೆಕ್ಕ ಹಾಕಿದ ತಜ್ಞರ ಸಮಿತಿಗಳು, ವೆಚ್ಚ ವಿಪರೀತವಾಗುತ್ತದೆ ಎಂದು ಕೈಚೆಲ್ಲಿದ್ದವು. ನಾಗರಿಕ ವಿಮಾನಕ್ಕೆ ಶೇ 12 ಸಾಕು ಎಂಬುದನ್ನು ಎಫ್‌ಎಎ ಸಂಶೋಧಕರೇ ತೋರಿಸಿದ ಮೇಲೆ ಚಿತ್ರ ಬದಲಾಯಿತು. ಎಂಜಿನ್‌ನಿಂದ ತೆಗೆದ ಗಾಳಿಯನ್ನು ಟೊಳ್ಳು ನಾರುಗಳ ಪೊರೆಯ ಮೂಲಕ ಹಾಯಿಸಿದರೆ ಆಮ್ಲಜನಕ ಬೇರ್ಪಟ್ಟು, ಸಾರಜನಕ ಹೆಚ್ಚಿರುವ ಗಾಳಿ ಟ್ಯಾಂಕಿಗೆ ಸೇರುತ್ತದೆ. ಸಿಲಿಂಡರ್ ಹೊತ್ತೊಯ್ಯುವ ಅಗತ್ಯವಿಲ್ಲ.

ಇಷ್ಟಾಗಿಯೂ ನಿಯಮ ಬಂದದ್ದು 2008ರ ಜುಲೈನಲ್ಲಿ, ಅಂದರೆ ದುರಂತ ನಡೆದು 12 ವರ್ಷಗಳ ಬಳಿಕ. ಹಳೆಯ ವಿಮಾನಗಳಿಗೆ ಅಳವಡಿಸಲು 2017ರವರೆಗೆ ಕಾಲಾವಕಾಶ ದೊರೆಯಿತು. ವಿಮಾನವೊಂದಕ್ಕೆ ತಗಲುವ ವೆಚ್ಚ 92 ಸಾವಿರದಿಂದ 3.11 ಲಕ್ಷ ಡಾಲರ್ ಎಂಬುದು ಎಫ್‌ಎಎ ಅಂದಾಜಾಗಿತ್ತು. ಕೋಟ್ಯಂತರ ಡಾಲರ್ ಬೆಲೆಯ ವಿಮಾನದ ಮುಂದೆ ಇದು ಎಷ್ಟರ ಮಾತು?

ನಮ್ಮ ಪಾಲಿಗೆ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಸರಕನ್ನಷ್ಟೇ ಸಾಗಿಸುವ ಹಳೆಯ ವಿಮಾನಗಳನ್ನು ಈ ಅಳವಡಿಕೆಯಿಂದ ಹೊರಗಿಡಲಾಯಿತು. ಅವುಗಳಲ್ಲಿ ಪ್ರಯಾಣಿಕರಿಲ್ಲ, ಉಳಿಯುವ ಜೀವಗಳ ಲೆಕ್ಕ ವೆಚ್ಚಕ್ಕೆ ಸರಿಹೊಂದುವುದಿಲ್ಲ ಎಂಬುದು ವಾದ. ಅಲ್ಲದೆ, ಬಿಸಿಯಾಗದ ಸಾಂಪ್ರದಾಯಿಕ ಅಲ್ಯೂಮಿನಿಯಂ ರೆಕ್ಕೆಯ ಟ್ಯಾಂಕನ್ನೇ ನಿಯಮವು ಸುರಕ್ಷತೆಯ ಅಳತೆಗೋಲಾಗಿ ಇಟ್ಟುಕೊಂಡಿದೆ. ಅಂತಹ ಟ್ಯಾಂಕ್‌ಗೆ ಸಾರಜನಕ ವ್ಯವಸ್ಥೆ ಕಡ್ಡಾಯವಲ್ಲ.

ಬೆಂಗಳೂರಿನಲ್ಲಿ ಸ್ಫೋಟಿಸಿದ್ದು ಸರಕು ವಿಮಾನ, ಅದೂ ರೆಕ್ಕೆಯ ಟ್ಯಾಂಕ್. ಎರಡೂ ಲೆಕ್ಕದಲ್ಲಿ ಅದು ನಿಯಮದ ಹೊರಗೆ. ಲೆಕ್ಕಾಚಾರ ಕಾಗದದ ಮೇಲೆ ಸರಿಯಿರಬಹುದು. ಆದರೆ ಸರಕು ವಿಮಾನದಲ್ಲೂ ಪೈಲಟ್‌ಗಳಿರುತ್ತಾರೆ, ನೆಲದ ಮೇಲೆ ಅದರ ಸುತ್ತ ಇಂಧನ ತುಂಬುವವರು, ಸರಕು ಹೇರುವವರು ಇರುತ್ತಾರೆ. ಮನಿಲಾ ಮತ್ತು ಬ್ಯಾಂಕಾಕ್‌ನ ಸ್ಫೋಟಗಳೂ ನೆಲದ ಮೇಲೆಯೇ ನಡೆದು, ಅನುಕ್ರಮವಾಗಿ 8 ಹಾಗೂ 1 ಜೀವ ಬಲಿ ಪಡೆದವು. ಅಂದು ಎಚ್‌ಎಎಲ್‌ನಲ್ಲಿ ಆ ರೆಕ್ಕೆಯ ಕೆಳಗೆ ಯಾರೂ ನಿಂತಿರದಿದ್ದುದು ಯಾವ ನಿಯಮದ ಫಲವೂ ಅಲ್ಲ.